ಉನ್ನತ ಶಿಕ್ಷಣದಲ್ಲಿ ಆನ್‌ಲೈನ್ ಕಲಿಕೆ: ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆ

ಪದವಿ ಮತ್ತು ಸ್ನಾತಕೋತ್ತರ ಹಂತದ ಬೋಧನೆ, ಅಧ್ಯಯನ ಸಾಮಗ್ರಿ, ಅಭ್ಯಾಸ ಹಾಗೂ ಮೌಲ್ಯಮಾಪನಗಳನ್ನು ಪೂರ್ಣವಾಗಿ ಇಲ್ಲವೇ ಭಾಗಶಃ ಅಂತರಜಾಲದ ಮೂಲಕ ನಡೆಸುವ ಕ್ರಮವನ್ನು ಉನ್ನತ ಶಿಕ್ಷಣದಲ್ಲಿ ಆನ್‌ಲೈನ್ ಕಲಿಕೆ ಎನ್ನಲಾಗುತ್ತದೆ. ಕೋಲಾರ ಜಿಲ್ಲೆಯ ಕೋಲಾರ ಚಿನ್ನದ ಗಣಿ (ಕೆಜಿಎಫ್) ಮತ್ತು ಬಂಗಾರಪೇಟೆಯ ವಿದ್ಯಾರ್ಥಿಗಳಿಗೆ ಇದು ಮೂರು ರೂಪಗಳಲ್ಲಿ ದೊರೆಯುತ್ತದೆ: ಕಾಲೇಜಿನ ಪಾಠಕ್ಕೆ ಪೂರಕವಾದ ಉಚಿತ ಉಪನ್ಯಾಸಗಳು, ಪದವಿಯ ಅಂಕಪಟ್ಟಿಗೆ ಸೇರಬಹುದಾದ ಕ್ರೆಡಿಟ್ ಕೋರ್ಸುಗಳು, ಮತ್ತು ಮುಕ್ತ ಇಲ್ಲವೇ ಆನ್‌ಲೈನ್ ಕ್ರಮದ ಪೂರ್ಣ ಪದವಿಗಳು. ಮೂರಕ್ಕೂ ನಿಯಮಗಳು ಬೇರೆ ಬೇರೆ. ಪಾಠ ಮನೆಗೆ ತಲುಪಿದರೂ ಅದು ಮಾನ್ಯವಾದ ವಿದ್ಯಾರ್ಹತೆಯಾಗಿ ಪರಿಣಮಿಸಲು ವಿಶ್ವವಿದ್ಯಾನಿಲಯದ ಒಪ್ಪಿಗೆ, ಪರೀಕ್ಷೆ ಮತ್ತು ಸ್ಥಳೀಯ ಕಾಲೇಜಿನ ನೆರವು ಅಗತ್ಯ.

ಸ್ಥಳೀಯ ಹಿನ್ನೆಲೆ

ಕೆಜಿಎಫ್‌ಗೆ ಆಧುನಿಕ ತಂತ್ರಜ್ಞಾನದ ಪರಿಚಯ ಹಳೆಯದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಇಲ್ಲಿನ ಗಣಿಗಳಿಗೆ ವಿದ್ಯುತ್ ಹರಿದಿತ್ತು. ಅದಕ್ಕೂ ಮೊದಲೇ, 1894ರಲ್ಲಿ, ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲು ಕವಲು ಮಾರ್ಗ ಆರಂಭವಾಗಿತ್ತು. ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ 2001ರ ಫೆಬ್ರುವರಿ 28ರಂದು ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ, ಹಲವು ಕುಟುಂಬಗಳ ಜೀವನೋಪಾಯ ಬೆಂಗಳೂರಿನ ಉದ್ಯೋಗವನ್ನು ಅವಲಂಬಿಸಿತು. ಇದೇ ರೈಲು ಮಾರ್ಗದಲ್ಲಿ ನಿತ್ಯ ಬೆಂಗಳೂರಿಗೆ ಹೋಗಿಬರುವವರಲ್ಲಿ ದುಡಿಯುವವರೊಂದಿಗೆ ವಿದ್ಯಾರ್ಥಿಗಳೂ ಇದ್ದಾರೆ. ಒಂದು ದಿಕ್ಕಿನ ಪ್ರಯಾಣವೇ ಸುಮಾರು ಎರಡು ಗಂಟೆಗಳಷ್ಟಿರುವುದರಿಂದ, ಊರಿನಲ್ಲಿದ್ದೇ ಓದುವ ಅವಕಾಶಕ್ಕೆ ಇಲ್ಲಿ ವಿಶೇಷ ಬೆಲೆಯಿದೆ.

ಬಂಗಾರಪೇಟೆ ಮತ್ತು ಕೆಜಿಎಫ್‌ಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹಿಂದಿನ ಬೆಂಗಳೂರು ವಿಶ್ವವಿದ್ಯಾನಿಲಯದ ವಿಭಜನೆಯಿಂದ ರೂಪುಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ಕೇಂದ್ರಸ್ಥಾನ ಕೋಲಾರದ ಟಮಕದಲ್ಲಿದೆ. ಕೆಜಿಎಫ್‌ನ ಊರಿಗಾಂ ಪ್ರದೇಶದ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಮಹಾವಿದ್ಯಾಲಯವು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ (ವಿಟಿಯು) ಸೇರಿದೆ.

ಅಂಚೆಯಿಂದ ಅಂತರಜಾಲದವರೆಗೆ

ಕರ್ನಾಟಕದಲ್ಲಿ ತರಗತಿಯ ಹೊರಗಿನ ಉನ್ನತ ಶಿಕ್ಷಣವು ಅಂಚೆಯ ಮೂಲಕ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣದ ಬುನಾದಿಯ ಮೇಲೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 1984ರಿಂದ ದೂರದರ್ಶನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಕಾರ್ಯಕ್ರಮಗಳನ್ನು ಪ್ರಸಾರ ಮಾಡಿಸಿತು.

2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಉಡಾಯಿಸಿತು. ಈ ಯೋಜನೆಯ ಪ್ರಾಯೋಗಿಕ ಹಂತದಲ್ಲಿ ಪಾಲ್ಗೊಂಡ ವಿಶ್ವವಿದ್ಯಾನಿಲಯಗಳಲ್ಲಿ ವಿಟಿಯು ಒಂದು. ಸ್ಟುಡಿಯೊದಲ್ಲಿ ನಡೆಯುವ ಉಪನ್ಯಾಸವನ್ನು ದೂರದ ಕಾಲೇಜುಗಳ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ನೋಡುವ ವ್ಯವಸ್ಥೆ ಇದಾಗಿತ್ತು. ನಿಗದಿತ ಹೊತ್ತಿಗೆ ನಿಗದಿತ ಕೊಠಡಿಯಲ್ಲಿ ಇರಲೇಬೇಕೆಂಬ ಕಟ್ಟುಪಾಡು ಅಂತರಜಾಲದ ಧ್ವನಿಮುದ್ರಿತ ಪಾಠಗಳಿಂದ ಸಡಿಲವಾಯಿತು.

ಎನ್‌ಪಿಟಿಇಎಲ್ ಮತ್ತು ಸ್ವಯಂ

ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಯೋಜನೆಯನ್ನು ಆರಂಭಿಸಿದವು. ಈ ಸಂಸ್ಥೆಗಳಿಗೆ ಪ್ರವೇಶ ದೊರೆಯದ ವಿದ್ಯಾರ್ಥಿಯೂ ಅಲ್ಲಿನ ಪ್ರಾಧ್ಯಾಪಕರ ಪಾಠವನ್ನು ಕೇಳುವುದು ಇದರಿಂದ ಸಾಧ್ಯವಾಯಿತು. 2017ರ ಜುಲೈ 9ರಂದು ಕೇಂದ್ರ ಸರ್ಕಾರವು ಸ್ವಯಂ ವೇದಿಕೆಯನ್ನು ಲೋಕಾರ್ಪಣೆ ಮಾಡಿತು. ಇದರಲ್ಲಿ ಎಂಜಿನಿಯರಿಂಗ್ ಜೊತೆಗೆ ಕಲೆ, ವಾಣಿಜ್ಯ, ನಿರ್ವಹಣೆ ಮುಂತಾದ ವಿಷಯಗಳ ಕೋರ್ಸುಗಳೂ ಇವೆ. ಪ್ರತಿಯೊಂದು ಕೋರ್ಸಿಗೂ ನಾಲ್ಕು ಅಂಗಗಳಿರುತ್ತವೆ:

• ದೃಶ್ಯ ಉಪನ್ಯಾಸ
• ಓದುವ ಸಾಮಗ್ರಿ
• ಸ್ವಯಂ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು
• ಸಂದೇಹ ನಿವಾರಣೆಗಾಗಿ ಚರ್ಚೆ

ಕೋರ್ಸಿಗೆ ಹೆಸರು ನೋಂದಾಯಿಸಲು ಮತ್ತು ಪಾಠ ಕೇಳಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಿದ್ದವರು ಪ್ರತ್ಯೇಕ ಶುಲ್ಕ ಕಟ್ಟಿ, ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ವಾರವಾರದ ಅಭ್ಯಾಸಗಳಿಗೆ 25 ಅಂಕ, ಅಂತಿಮ ಪರೀಕ್ಷೆಗೆ 75 ಅಂಕ. ಉತ್ತೀರ್ಣರಾಗಲು ಮೊದಲನೆಯದರಲ್ಲಿ ಕನಿಷ್ಠ 10, ಎರಡನೆಯದರಲ್ಲಿ ಕನಿಷ್ಠ 30 ಅಂಕ ಬೇಕು. ಆದ್ದರಿಂದ ವಾರದ ಅಭ್ಯಾಸಗಳನ್ನು ಬಿಟ್ಟು ಕೊನೆಯ ಪರೀಕ್ಷೆಯನ್ನು ಮಾತ್ರ ಚೆನ್ನಾಗಿ ಬರೆದವರಿಗೆ ಪ್ರಮಾಣಪತ್ರ ಸಿಗುವುದಿಲ್ಲ.

ಅಂತರಜಾಲದ ಸೌಲಭ್ಯವಿಲ್ಲದವರಿಗಾಗಿ ಸ್ವಯಂ ಪ್ರಭಾ ಎಂಬ ಉಚಿತ ಡಿಟಿಎಚ್ ವಾಹಿನಿಗಳಿವೆ. ಒಂದೇ ಪಾಠವನ್ನು ದಿನದಲ್ಲಿ ಹಲವು ಬಾರಿ ಮರುಪ್ರಸಾರ ಮಾಡುವುದರಿಂದ ವಿದ್ಯಾರ್ಥಿಯು ತನಗೆ ಅನುಕೂಲವಾದ ಹೊತ್ತಿನಲ್ಲಿ ನೋಡಬಹುದು.

ಪ್ರಮಾಣಪತ್ರ ಮತ್ತು ಕ್ರೆಡಿಟ್

ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರ ಮತ್ತು ಪದವಿಯ ಕ್ರೆಡಿಟ್ ಒಂದೇ ಅಲ್ಲ. ಯುಜಿಸಿಯ 2016ರ ನಿಯಮಾವಳಿಯು ಒಂದು ಸೆಮಿಸ್ಟರಿನ ಶೇ 20ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಪೂರೈಸಲು ಅವಕಾಶ ನೀಡಿತ್ತು. 2021ರಲ್ಲಿ ಈ ಮಿತಿಯನ್ನು ಶೇ 40ಕ್ಕೆ ಏರಿಸಲಾಯಿತು. ಆದರೆ ಯಾವ ಕೋರ್ಸನ್ನು ಯಾವ ಪತ್ರಿಕೆಗೆ ಬದಲಾಗಿ ಒಪ್ಪಿಕೊಳ್ಳಬೇಕೆಂಬುದನ್ನು ಆಯಾ ವಿಶ್ವವಿದ್ಯಾನಿಲಯ ತೀರ್ಮಾನಿಸಬೇಕು. ಅಂಥ ಒಪ್ಪಿಗೆ ಇಲ್ಲದಿದ್ದರೆ ಪ್ರಮಾಣಪತ್ರವು ಉದ್ಯೋಗದ ಅರ್ಜಿಯೊಂದಿಗೆ ಲಗತ್ತಿಸಬಹುದಾದ ದಾಖಲೆಯಾಗಿ ಉಳಿಯುತ್ತದೆಯೇ ಹೊರತು ಅಂಕಪಟ್ಟಿಗೆ ಸೇರುವುದಿಲ್ಲ. ಹೀಗಾಗಿ ವಿದ್ಯಾರ್ಥಿಯು ನೋಂದಣಿಗೆ ಮೊದಲೇ ತನ್ನ ಕಾಲೇಜಿನಲ್ಲಿ ವಿಚಾರಿಸಿಕೊಳ್ಳುವುದು ಅವಶ್ಯಕ.

ಮುಕ್ತ ಮತ್ತು ಆನ್‌ಲೈನ್ ಪದವಿಗಳು

ದುಡಿಯುತ್ತಲೇ ಓದಬೇಕಾದವರು ಪೂರ್ಣ ಪದವಿಯನ್ನೇ ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ಪಡೆಯಬಹುದು. ಮಾನ್ಯತೆ ಪಡೆದ ಸಂಸ್ಥೆಯ ಇಂಥ ಪದವಿಯು ನಿಯತ ತರಗತಿಯ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನ ಮುಂತಾದ ಪದವಿಗಳನ್ನು ಈ ಕ್ರಮದಲ್ಲಿ ನೀಡಲು 2020ರ ನಿಯಮಾವಳಿಯಲ್ಲಿ ಅವಕಾಶವಿಲ್ಲ.

ಮಾನ್ಯತೆ ಎಷ್ಟು ಮುಖ್ಯ ಎಂಬುದಕ್ಕೆ ರಾಜ್ಯದಲ್ಲೇ ನಿದರ್ಶನವಿದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ 2012–13ರ ನಂತರ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿದಾಗ ಸಾವಿರಾರು ವಿದ್ಯಾರ್ಥಿಗಳು ಅತಂತ್ರರಾದರು. 2018–19ರ ಸಾಲಿನಿಂದ ಮಾನ್ಯತೆ ಮರಳಿ ದೊರೆಯಿತು. ಸಂಸ್ಥೆಗೆ ಮಾತ್ರವಲ್ಲದೆ, ತಾನು ಸೇರುವ ಕೋರ್ಸಿಗೆ ಮತ್ತು ಆ ವರ್ಷದ ಪ್ರವೇಶಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಯುಜಿಸಿಯ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ಕೋವಿಡ್ ಕಾಲ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದ ಬಳಿಕ ಪೂರಕವಾಗಿದ್ದ ಆನ್‌ಲೈನ್ ಪಾಠವೇ ಕೆಲಕಾಲ ಏಕೈಕ ಮಾರ್ಗವಾಯಿತು. 2021ರಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು ಆರಂಭಿಸಿ, ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ವಿತರಿಸಿತು. ಪಾಠ, ಟಿಪ್ಪಣಿ ಮತ್ತು ಕಿರುಪರೀಕ್ಷೆಗಳನ್ನು ಒಂದೆಡೆ ಒದಗಿಸುವುದು ಇದರ ಉದ್ದೇಶ. ಮನೆಯಲ್ಲಿ ಒಂದೇ ಮೊಬೈಲ್ ಇರುವಾಗ ಅದು ಯಾರ ಕೈಯಲ್ಲಿರಬೇಕು ಎಂಬುದು ಪಾಠದ ಗುಣಮಟ್ಟಕ್ಕಿಂತ ಮೊದಲಿನ ಪ್ರಶ್ನೆ ಎಂಬುದು ಆ ಕಾಲದಲ್ಲಿ ಎಲ್ಲೆಡೆ ಮನವರಿಕೆಯಾಯಿತು.

ಇತಿಮಿತಿಗಳು

ಭಾಷೆ: ಕೆಜಿಎಫ್‌ನಲ್ಲಿ ತಮಿಳು, ಕನ್ನಡ, ತೆಲುಗು, ಉರ್ದು ಮಾತನಾಡುವವರಿದ್ದಾರೆ. ಸ್ವಯಂ ವೇದಿಕೆಯ ಹೆಚ್ಚಿನ ಕೋರ್ಸುಗಳು ಇಂಗ್ಲಿಷಿನಲ್ಲಿವೆ. ಎನ್‌ಪಿಟಿಇಎಲ್‌ನ ಆಯ್ದ ಕೋರ್ಸುಗಳ ಪಠ್ಯವು ಕನ್ನಡ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಲಭ್ಯವಿದೆ. ಮಾತೃಭಾಷೆಯಲ್ಲಿ ಶಾಲಾ ಶಿಕ್ಷಣ ಮುಗಿಸಿದ ವಿದ್ಯಾರ್ಥಿಗೆ ವಿಷಯದ ಜೊತೆಗೆ ಭಾಷೆಯೂ ತೊಡಕಾಗಬಹುದು. ಉಪನ್ಯಾಸವನ್ನು ನಿಲ್ಲಿಸಿ ಮತ್ತೆ ಕೇಳುವ ಅನುಕೂಲ ಮಾತ್ರ ತರಗತಿಯಲ್ಲಿ ಇಲ್ಲದ ಲಾಭ.

ಪ್ರಯೋಗ: ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಷಯಗಳಿಗೆ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಿದೆ. ಸುರತ್ಕಲ್‌ನ ಎನ್‌ಐಟಿಕೆ ಇದರಲ್ಲಿ ಪಾಲ್ಗೊಂಡಿದೆ. ಪ್ರಯೋಗದ ಕ್ರಮವನ್ನು ಮೊದಲೇ ಅರಿಯಲು ಇದು ನೆರವಾಗುತ್ತದೆ, ಆದರೆ ಉಪಕರಣವನ್ನು ಕೈಯಾರೆ ಬಳಸುವ ಅಭ್ಯಾಸ ಪ್ರಯೋಗಾಲಯದಲ್ಲೇ ಆಗಬೇಕು.

ಸಾತತ್ಯ: ಉಚಿತ ಆನ್‌ಲೈನ್ ಕೋರ್ಸುಗಳಿಗೆ ಹೆಸರು ನೋಂದಾಯಿಸಿದವರಲ್ಲಿ ಪೂರ್ಣಗೊಳಿಸುವವರು ಕಡಿಮೆ ಎಂಬುದು ಜಗತ್ತಿನೆಲ್ಲೆಡೆ ಕಂಡುಬಂದಿರುವ ಸಂಗತಿ. ಹಾಜರಾತಿ, ಸಹಪಾಠಿಗಳು ಮತ್ತು ವಿಚಾರಿಸುವ ಅಧ್ಯಾಪಕರು ಇಲ್ಲದಿರುವುದು ಇದಕ್ಕೆ ಒಂದು ಕಾರಣ.

ಸ್ಥಳೀಯ ಕಾಲೇಜಿನ ಪಾತ್ರ

ಆನ್‌ಲೈನ್ ಕಲಿಕೆಯಿಂದ ಸ್ಥಳೀಯ ಕಾಲೇಜಿನ ಅಗತ್ಯ ಇಲ್ಲವಾಗುವುದಿಲ್ಲ. ಎನ್‌ಪಿಟಿಇಎಲ್‌ನ ‘ಲೋಕಲ್ ಚಾಪ್ಟರ್’ ವ್ಯವಸ್ಥೆಯಲ್ಲಿ ಕಾಲೇಜೊಂದು ನೋಂದಾಯಿಸಿಕೊಂಡರೆ, ಅಲ್ಲಿನ ಅಧ್ಯಾಪಕರೊಬ್ಬರು ಸಂಪರ್ಕಾಧಿಕಾರಿಯಾಗಿಯೂ ಇತರರು ಮಾರ್ಗದರ್ಶಕರಾಗಿಯೂ ಕೆಲಸ ಮಾಡುತ್ತಾರೆ. ಸೂಕ್ತ ಕೋರ್ಸನ್ನು ಸೂಚಿಸುವುದು, ವಾರದ ಅಭ್ಯಾಸಗಳನ್ನು ನೆನಪಿಸುವುದು, ಕಠಿಣ ಭಾಗಗಳನ್ನು ವಿದ್ಯಾರ್ಥಿಯ ಭಾಷೆಯಲ್ಲಿ ವಿವರಿಸುವುದು ಅವರ ಕೈಲಾಗುವ ಕೆಲಸಗಳು. ಗ್ರಂಥಾಲಯ ಮತ್ತು ಗಣಕ ಕೊಠಡಿಗಳು ತರಗತಿಯ ಅವಧಿಯ ನಂತರವೂ ತೆರೆದಿದ್ದರೆ, ಮನೆಯಲ್ಲಿ ಸ್ಥಳವಾಗಲಿ ಸಾಧನವಾಗಲಿ ಇಲ್ಲದವರಿಗೆ ಅನುಕೂಲವಾಗುತ್ತದೆ. ನಿತ್ಯದ ರೈಲು ಪ್ರಯಾಣಕ್ಕೆ ವಿದ್ಯಾರ್ಥಿಯ ದಿನದ ನಾಲ್ಕೈದು ಗಂಟೆಗಳು ಸಲ್ಲುವ ಈ ಭಾಗದಲ್ಲಿ, ದೂರದ ಉಪನ್ಯಾಸಕರ ಪಾಠ ಮತ್ತು ಊರಿನ ಅಧ್ಯಾಪಕರ ಮಾರ್ಗದರ್ಶನ ಎರಡೂ ಕೂಡಿದಾಗ ಆನ್‌ಲೈನ್ ಕಲಿಕೆ ಹೆಚ್ಚು ಫಲಕಾರಿಯಾಗುತ್ತದೆ.