ಮೆದುಳು ರುಬ್ಬಿ ಲೆಕ್ಕ ಹಿಡಿದವರು

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಆದರೆ ಹಂಡೆ ತುಂಬ ಬಿಸಿಬೇಳೆಬಾತ್ ಮಾಡಿಟ್ಟು, ಇದರಲ್ಲಿ ಒಟ್ಟು ಎಷ್ಟು ಕಡಲೆಬೀಜ ಇವೆ ಹೇಳಿ ಎಂದರೆ ಆ ಉಪಾಯ ನಡೆಯದು. ಒಂದು ಸೌಟಿಗೆ ಹತ್ತು ಬರುತ್ತವೆ, ಇನ್ನೊಂದಕ್ಕೆ ಒಂದೂ ಇಲ್ಲ.

ಮೆದುಳಿನ ನರಕೋಶಗಳ ಪಾಡೂ ಇದೇ. ತಲೆಯ ಹಿಂಬದಿಯ ಕಿರುಮೆದುಳಿನಲ್ಲಿ ಅವು ಸಾಸಿವೆ ಸುರಿದಂತೆ ಒತ್ತೊತ್ತಾಗಿರುತ್ತವೆ, ಬೇರೆಡೆ ವಿರಳ. ತೆಳುವಾದ ಹೋಳುಗಳಲ್ಲಿ ಎಣಿಸಿ ಗುಣಿಸುವ ವಿಧಾನ ಹಿಂದಿನಿಂದಲೂ ಇತ್ತು. ಇಡೀ ಮೆದುಳಿಗೆ ಅದನ್ನು ಮಾಡಹೊರಟರೆ ಸಾಕೋಸಾಕಾಗುತ್ತದೆ. ಅಷ್ಟರಲ್ಲಿ ಪಠ್ಯಪುಸ್ತಕಗಳು ಮನುಷ್ಯನಿಗೆ 10,000 ಕೋಟಿ ನರಕೋಶ, ಅದರ ಹತ್ತು ಪಟ್ಟು ಗ್ಲಿಯಾ, ಅಂದರೆ ನರಕೋಶಗಳಿಗೆ ಆಸರೆಯಾಗುವ ಕೋಶ ಎಂದು ಬರೆದುಕೊಂಡೇ ಬಂದಿದ್ದವು. ಬ್ರೆಜಿಲ್‌ನ ನರವಿಜ್ಞಾನಿ ಸುಜಾನಾ ಹರ್ಕುಲಾನೊ-ಹೌಜೆಲ್, ಈ ಅಂಕಿಯನ್ನು ಎಣಿಸಿದ್ದು ಯಾರು ಎಂದು ಹುಡುಕಿದರು. ಮೂಲ ಸಿಗಲಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆದಿದ್ದರು, ಅಷ್ಟೇ.

ಎಣಿಸಲು ಅವರು ಕಂಡುಕೊಂಡ ದಾರಿ ಅಡುಗೆಮನೆಯದು: ರುಬ್ಬಿಬಿಡುವುದು. ರಿಯೊ ಡಿ ಜನೈರೊದ ಫೆಡರಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟೊ ಲೆಂಟ್ ಅವರೊಡನೆ 2005ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಗಂಭೀರವಾದ ಹೆಸರೊಂದಿದೆ, ಐಸೊಟ್ರೋಪಿಕ್ ಫ್ರಾಕ್ಷನೇಟರ್. ಬಳಕೆಯಲ್ಲಿ ಎಲ್ಲರೂ ಕರೆಯುವುದು ಮೆದುಳಿನ ಸೂಪು ಎಂದೇ.

ಮೊದಲು ಮೆದುಳನ್ನು ಫಾರ್ಮಾಲ್ಡಿಹೈಡಿನಲ್ಲಿ ನೆನೆಹಾಕಿ ಗಟ್ಟಿ ಮಾಡುತ್ತಾರೆ. ಆಮೇಲೆ ಭಾಗ ಭಾಗವಾಗಿ ಕತ್ತರಿಸಿ, ಚೂರುಗಳನ್ನು ಗಾಜಿನ ಕೊಳವೆಗೆ ಹಾಕಿ, ಒಂದಿಷ್ಟು ಮಾರ್ಜಕದ ನೀರು ಸುರಿಯುತ್ತಾರೆ. ಕೊಳವೆಯೊಳಗೆ ಬಿಗಿಯಾಗಿ ಕೂರುವ ಗಾಜಿನ ಒನಕೆಯೊಂದಿರುತ್ತದೆ. ಅದನ್ನು ಮೇಲೆ ಕೆಳಗೆ ಆಡಿಸುತ್ತಾ, ತಿರುವುತ್ತಾ ಅರೆಯಬೇಕು. ಪಾತ್ರೆಯ ಜಿಡ್ಡು ಸೋಪಿಗೆ ಬಿಡುವಂತೆ ಕೋಶಗಳ ಹೊರಪೊರೆ ಕರಗಿಹೋಗುತ್ತದೆ. ಫಾರ್ಮಾಲ್ಡಿಹೈಡಿನಿಂದ ಗಟ್ಟಿಯಾದ ಕೋಶಕೇಂದ್ರಗಳು ಮಾತ್ರ ಕಾಳಿನಂತೆ ಉಳಿಯುತ್ತವೆ. ಹದ ತಪ್ಪಬಾರದು. ಅರೆದದ್ದು ಕಡಿಮೆಯಾದರೆ ಗಂಟು ಗಂಟಾಗಿ ಎಣಿಕೆ ಕೆಡುತ್ತದೆ.

ಒಂದು ಕೋಶಕ್ಕೆ ಒಂದೇ ಕೇಂದ್ರ, ಹಾಗಾಗಿ ಕೇಂದ್ರ ಎಣಿಸಿದರೆ ಕೋಶ ಎಣಿಸಿದಂತೆಯೇ. ಬಣ್ಣ ಹಾಕಿದರೆ ಎಲ್ಲವೂ ನೀಲಿಯಾಗಿ ಹೊಳೆಯುತ್ತವೆ. ಕೊಳವೆಯನ್ನು ಚೆನ್ನಾಗಿ ಅಲ್ಲಾಡಿಸಿ, ರಕ್ತಪರೀಕ್ಷೆಯ ಲ್ಯಾಬುಗಳಲ್ಲಿ ರಕ್ತಕಣ ಎಣಿಸಲು ಬಳಸುವಂಥದೇ ಚೌಕಳಿ ಗಾಜಿನ ಮೇಲೆ ಒಂದು ತೊಟ್ಟು ಬಿಟ್ಟು, ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ನರಕೋಶದ ಕೇಂದ್ರಕ್ಕಷ್ಟೇ ಅಂಟುವ ಇನ್ನೊಂದು ಬಣ್ಣದಿಂದ, ಅವುಗಳಲ್ಲಿ ನರಕೋಶಗಳೆಷ್ಟು ಎಂಬುದು ತಿಳಿಯುತ್ತದೆ. ಇನ್ನುಳಿದದ್ದು ಗುಣಾಕಾರ. ಎಲ್ಲ ಸಮನಾಗಿ ಬೆರೆತಿರುವುದರಿಂದ ಇಲ್ಲಿ ಒಂದಗುಳಿನ ನ್ಯಾಯ ಸಲ್ಲುತ್ತದೆ.

2009ರಲ್ಲಿ ನಾಲ್ವರು ಗಂಡಸರ ಮೆದುಳುಗಳ ಲೆಕ್ಕ ಬಂತು: ಸರಾಸರಿ 8,600 ಕೋಟಿ ನರಕೋಶ. ಉಳಿದ ಕೋಶಗಳು ಹತ್ತು ಪಟ್ಟಲ್ಲ, ಹೆಚ್ಚುಕಡಿಮೆ ಅಷ್ಟೇ. ಪಠ್ಯಪುಸ್ತಕದ ಲೆಕ್ಕದಿಂದ 1,400 ಕೋಟಿ ಕಡಿತ! ಇನ್ನೂ ತಮಾಷೆಯೆಂದರೆ, ಸುಮಾರು 6,900 ಕೋಟಿ ಇರುವುದು ತೂಕದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲಷ್ಟೇ ಇರುವ ಕಿರುಮೆದುಳಿನಲ್ಲಿ. ಯೋಚನೆ, ಯೋಜನೆಗಳ ಮನೆ ಎನ್ನುವ ಹೊರಪದರಕ್ಕೆ, ಅಂದರೆ ಕಾರ್ಟೆಕ್ಸಿಗೆ, ಸಿಕ್ಕಿದ್ದು ಸುಮಾರು 1,600 ಕೋಟಿ.

ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳಿನ ಸಂಗ್ರಹಾಲಯದಲ್ಲಿ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಅದರ ತೂಕ ಅಂಗೈಗೆ ತಿಳಿಯುತ್ತದೆ, ಒಳಗಿನ ಎಣಿಕೆ ತಿಳಿಯುವುದಿಲ್ಲ. ಪ್ರಾಣಿಗಳನ್ನು ಹೋಲಿಸುವಾಗ ವಿಜ್ಞಾನ ಬಹುಕಾಲ ಎಡವಿದ್ದು ಇಲ್ಲಿಯೇ. ದಕ್ಷಿಣ ಅಮೆರಿಕದ ದೈತ್ಯ ದಂಶಕ ಕ್ಯಾಪಿಬಾರ ಮತ್ತು ರೀಸಸ್ ಕೋತಿ, ಇವುಗಳ ಮೆದುಳಿನ ತೂಕದಲ್ಲಿ ದೊಡ್ಡ ಅಂತರವಿಲ್ಲ. ಸೂಪು ಮಾಡಿದಾಗ ಕ್ಯಾಪಿಬಾರದ ಕಾರ್ಟೆಕ್ಸಿನಲ್ಲಿ ಸಿಕ್ಕಿದ್ದು ಸುಮಾರು 30 ಕೋಟಿ ನರಕೋಶ, ಕೋತಿಯದರಲ್ಲಿ 170 ಕೋಟಿ. ದಂಶಕಗಳಲ್ಲಿ ಮೆದುಳು ಬೆಳೆದಂತೆ ನರಕೋಶಗಳೂ ದಪ್ಪಗಾಗುತ್ತವೆ, ಕೋತಿಯ ಕುಲದಲ್ಲಿ ಅಷ್ಟಾಗಿ ಆಗುವುದಿಲ್ಲ.

ಆನೆಯ ವಿಷಯ ಎಲ್ಲರ ಬಾಯಲ್ಲೂ ಇತ್ತು. ನಮ್ಮದಕ್ಕಿಂತ ಮೂರು ಪಟ್ಟು ತೂಕದ ಮೆದುಳಿರುವ ಪ್ರಾಣಿ ನಮ್ಮನ್ನು ಯಾಕೆ ಮೀರಿಸಲಿಲ್ಲ? ದಕ್ಷಿಣ ಆಫ್ರಿಕಾದ ಪಾಲ್ ಮ್ಯಾಂಗರ್ ಅವರ ಸಹಯೋಗದಲ್ಲಿ 2014ರಲ್ಲಿ ಆಫ್ರಿಕಾದ ಆನೆಯೊಂದರ ಲೆಕ್ಕ ಪ್ರಕಟವಾಯಿತು. ಒಟ್ಟು 25,700 ಕೋಟಿ ನರಕೋಶ, ನಮ್ಮದರ ಮೂರು ಪಟ್ಟು. ಆದರೆ ನೂರಕ್ಕೆ 98 ಪಾಲು ಕಿರುಮೆದುಳಿನಲ್ಲೇ! ಕಾರ್ಟೆಕ್ಸಿನಲ್ಲಿ ಇದ್ದದ್ದು 560 ಕೋಟಿ. ಆ ಸೊಂಡಿಲನ್ನು ಆಡಿಸಲು, ಅದರ ಸ್ಪರ್ಶ ತಿಳಿಯಲು ಅಷ್ಟು ಬೇಕಾಗಿರಬಹುದು ಎಂಬುದು ಒಂದು ಊಹೆ. ಮರದ ದಿಮ್ಮಿಯನ್ನೂ ಕಡ್ಡಿಯಷ್ಟು ಹುಲ್ಲನ್ನೂ ಅದೇ ಸೊಂಡಿಲಲ್ಲಿ ಎತ್ತುವುದನ್ನು ದುಬಾರೆಯದೋ ಸಕ್ರೆಬೈಲಿನದೋ ಆನೆ ಬಿಡಾರದಲ್ಲಿ ಕಂಡವರಿಗೆ ಈ ಊಹೆ ಅಷ್ಟೇನೂ ದೂರದ್ದೆನಿಸದು.

ನನಗಂತೂ ಆನೆಗಿಂತ ಕಾಗೆಯ ಲೆಕ್ಕವೇ ಹೆಚ್ಚು ಇಷ್ಟ. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ಪಾವೆಲ್ ನೆಮೆಟ್ಸ್ ತಂಡ 2016ರಲ್ಲಿ ಇದೇ ವಿಧಾನದಿಂದ ಹಕ್ಕಿಗಳ ಮೆದುಳು ಎಣಿಸಿತು. ಕಾಗೆಯ ಬಳಗದ ರೇವನ್ ಹಕ್ಕಿಯ ಮೆದುಳು 14 ಗ್ರಾಂ. ಕಾರ್ಟೆಕ್ಸಿಗೆ ಸಮನಾದ ಅದರ ಮುಂಭಾಗದಲ್ಲಿ ಸುಮಾರು 120 ಕೋಟಿ ನರಕೋಶ. 50 ಗ್ರಾಂ ಮೀರಿದ ಮೆದುಳಿನ ಕ್ಯಾಪುಚಿನ್ ಕೋತಿಗೂ ಅಷ್ಟೇ ಇರುವುದು. ಕಿಟಕಿಯಲ್ಲಿ ಕೂತು ನಮ್ಮ ಊಟದ ಹೊತ್ತನ್ನು ಕಾಯುವ ಹಕ್ಕಿಯ ಬಳಗವಿದು. ಹಕ್ಕಿಬುದ್ಧಿ ಎಂದರೆ ಅಲ್ಪಬುದ್ಧಿ ಎಂದುಕೊಂಡಿದ್ದವರು ತುಸು ಸಾವರಿಸಿಕೊಳ್ಳಬೇಕಾಯಿತು.

ಹಾಗೆಂದು ಎಣಿಕೆಯೇ ಬುದ್ಧಿಯಲ್ಲ. ಜೇನುಹುಳದ್ದು ಸುಮಾರು ಹತ್ತು ಲಕ್ಷ ನರಕೋಶ, ಅಷ್ಟರಲ್ಲೇ ಅದು ಹೂವಿನ ದಿಕ್ಕು ದೂರಗಳನ್ನು ಕುಣಿದು ತಿಳಿಸುತ್ತದೆ. ಯಾವುದು ಯಾವುದಕ್ಕೆ ಹೆಣೆದುಕೊಂಡಿದೆ ಎಂಬುದು ರುಬ್ಬಿದ ಮೇಲೆ ಉಳಿಯುವುದೂ ಇಲ್ಲ. ಆ ಹೆಣಿಗೆಯನ್ನೇ ಬಿಡಿಸಹೊರಟವರು ಬೇರೆ. ಹಣ್ಣುನೊಣವೊಂದರ 1,39,255 ನರಕೋಶಗಳ ಪೂರ್ತಿ ನಕ್ಷೆಯನ್ನು ಅವರು 2024ರಲ್ಲಿ ಮುಂದಿಟ್ಟರು.

ಸೂಪಿನ ಲೆಕ್ಕವನ್ನು ಸೂಪಿನಾಚೆಗೆ ಎಳೆದದ್ದೂ ಉಂಟು. 2023ರಲ್ಲಿ ಸುಜಾನಾ ಅವರು ಹಕ್ಕಿಗಳ ಅಂಕಿಗಳನ್ನು ಆಧರಿಸಿ, ಟಿರನೊಸಾರಸ್ ರೆಕ್ಸ್‌ಗೆ ಮೆದುಳಿನ ಮುಂಭಾಗದಲ್ಲಿ ಬಬೂನ್ ಕೋತಿಯಷ್ಟು ನರಕೋಶಗಳಿದ್ದವು ಎಂದು ಅಂದಾಜು ಕಟ್ಟಿದರು. ಮರುವರ್ಷವೇ ಇನ್ನೊಂದು ತಂಡ, ಡೈನೋಸಾರ್ ಮೆದುಳು ಬುರುಡೆಯ ಪೊಳ್ಳನ್ನೆಲ್ಲ ತುಂಬಿರಲಿಲ್ಲ, ಹಕ್ಕಿಗಿಂತ ಮೊಸಳೆಯ ಅಳತೆಯೇ ಅದಕ್ಕೆ ಹತ್ತಿರ ಎಂದು ಅಂಕಿಯನ್ನು ಬಹಳ ಕೆಳಗಿಳಿಸಿತು. ಜಗಳ ಇನ್ನೂ ನಡೆದಿದೆ. ರುಬ್ಬೋಣವೆಂದರೆ ಅಲ್ಲಿರುವುದು ಕಲ್ಲಾದ ಬುರುಡೆಯೊಂದೇ.