ಗಾಜಿನಾಚೆ ಕುಣಿಯುವ ದೆವ್ವಗಳು

ರಾತ್ರಿ ಬಸ್ಸಿನ ಕಿಟಕಿಯಲ್ಲಿ ತಮ್ಮದೇ ಮುಖ ಹೊರಗಿನ ಕತ್ತಲಲ್ಲಿ ತೇಲುವುದನ್ನು ಕಾಣದವರಿಲ್ಲ. ಒಳಗೆ ಬೆಳಕಿದ್ದು ಹೊರಗೆ ಕತ್ತಲಾದರೆ ಸಾಕು, ಗಾಜು ಕನ್ನಡಿಯಾಗುತ್ತದೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿರುವ ‘ಹಾಂಟೆಡ್ ಮ್ಯಾನ್ಷನ್’ ಎಂಬ ಭೂತಬಂಗಲೆಯ ಅತಿ ದೊಡ್ಡ ಬೆರಗು ನಿಂತಿರುವುದು ಇಷ್ಟರ ಮೇಲೆಯೇ. ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರ್‌ಗೆ ಹೊಳೆದ ಈ ಉಪಾಯವನ್ನು ಜಾನ್ ಹೆನ್ರಿ ಪೆಪ್ಪರ್ 1862ರಲ್ಲಿ ಲಂಡನ್ನಿನಲ್ಲಿ ರಂಗದ ಮೇಲೆ ತಂದರು. 1969ರ ಆಗಸ್ಟ್‌ನಲ್ಲಿ ತೆರೆದ ಈ ಬಂಗಲೆಯಲ್ಲಿ ಡಿಸ್ನಿಯ ವಿನ್ಯಾಸಕ ಯೇಲ್ ಗ್ರೇಸಿ ಮತ್ತು ಸಂಗಡಿಗರು ಅದನ್ನೇ ಇಡೀ ನೃತ್ಯಶಾಲೆಯ ಅಳತೆಗೆ ಹಿಗ್ಗಿಸಿದರು. ಪ್ರೇಕ್ಷಕರ ಬಂಡಿಗಳು ಸಾಗುವ ಉಪ್ಪರಿಗೆಯ ಮುಂದೆ ಭಾರಿ ಗಾಜು. ಅವರ ಕಣ್ಣಿಗೆ ಬೀಳದಂತೆ ಮೇಲೂ ಕೆಳಗೂ ಯಂತ್ರಗೊಂಬೆಗಳು. ಗೊಂಬೆಗಳ ಮೇಲೆ ಬೆಳಕು ಬಿದ್ದಾಗ ಅವುಗಳ ಬಿಂಬ ಗಾಜಿನಾಚೆಯ ನಿಜವಾದ ಮೇಜು ಕುರ್ಚಿಗಳ ನಡುವೆ ತೆಳ್ಳಗೆ ಎದ್ದು ನಿಲ್ಲುತ್ತದೆ. ಬೆಳಕು ಆರಿದೊಡನೆ ದೆವ್ವ ಮಾಯ. ಬಿಂಬದಲ್ಲಿ ಎಡಬಲ ಅದಲುಬದಲಾಗುವುದರಿಂದ ಕುಣಿಯುವ ಜೋಡಿಗಳಲ್ಲಿ ಗಂಡಿನ ಬದಲು ಹೆಣ್ಣೇ ಮುನ್ನಡೆಸುತ್ತಾಳೆ.

ಇಂಥ ಕೆಲಸವನ್ನು ಮಕ್ಕಳಾಟವೆಂದು ಬದಿಗಿಡಬಾರದು, ಒಳ್ಳೆಯ ಎಂಜಿನಿಯರಿಂಗ್ ಎಂದೇ ಓದಬೇಕು. ಪ್ರವೇಶದ ‘ಹಿಗ್ಗುವ ಕೋಣೆ’ಯನ್ನೇ ನೋಡಿ. ಸವಾರಿಯ ಬಹುಭಾಗ ಇರುವುದು ಉದ್ಯಾನವನ್ನು ಸುತ್ತುವ ರೈಲುಹಳಿಯ ಆಚೆ. ಜನರನ್ನು ನೆಲದಡಿಗಿಳಿಸಿ ಹಳಿಯ ಕೆಳಗೆ ದಾಟಿಸಬೇಕಿತ್ತು. ಬರೀ ಲಿಫ್ಟ್ ಆಗಬಹುದಾಗಿದ್ದುದನ್ನು ವಿನ್ಯಾಸಕರು ಗೋಡೆ, ಚಿತ್ರಪಟಗಳು ಉದ್ದುದ್ದ ಬೆಳೆಯುವ ಕೋಣೆಯಾಗಿಸಿದರು. ಫ್ಲಾರಿಡಾದಲ್ಲಿ 1971ರಲ್ಲಿ ತೆರೆದ ಇಂಥದೇ ಬಂಗಲೆಯಲ್ಲಿ ಕೆಳಗಿಳಿಯುವ ಅಗತ್ಯವಿರಲಿಲ್ಲ. ಅಲ್ಲಿ ನೆಲ ಕದಲುವುದಿಲ್ಲ, ಸೂರು ಮೇಲೇರುತ್ತದೆ. ಅಡಚಣೆ ಹೋದ ಮೇಲೂ ಅದರಿಂದ ಹುಟ್ಟಿದ ಕಲ್ಪನೆ ಉಳಿಯಿತು.

ಗುಟ್ಟು ತಿಳಿದರೆ ಬೆರಗು ಸಾಯುತ್ತದೆ ಎನ್ನುವವರಿದ್ದಾರೆ. ಆದರೆ ಬಂಗಲೆಯಲ್ಲಿ ನಮ್ಮನ್ನೇ ಹಿಂಬಾಲಿಸಿ ನೋಡುವ ಶಿಲ್ಪಮುಖಗಳಿವೆ. ಅವು ಉಬ್ಬಿಲ್ಲ, ಒಳಕ್ಕೆ ತಗ್ಗಿವೆ. ತಗ್ಗಿದ ಮುಖವನ್ನು ಮಿದುಳು ಉಬ್ಬಿದ್ದೆಂದೇ ಓದುತ್ತದೆ, ನಾವು ಸರಿದಂತೆ ಅದು ತಿರುಗಿದಂತೆ ತೋರುತ್ತದೆ. ಇದನ್ನು ಅರಿತು ನೋಡಿದರೂ ಮುಖ ತಿರುಗುವುದು ನಿಲ್ಲದು. ಈಗ ಬೆರಗು ಇಮ್ಮಡಿ: ಒಂದು ಮುಖದ್ದು, ಇನ್ನೊಂದು ನಮ್ಮದೇ ಮಿದುಳಿನದು. ಇದನ್ನೆಲ್ಲ ಪರದೆಯ ಮೇಲೆ ಸುಲಭವಾಗಿ ತೋರಿಸಬಹುದಲ್ಲ, ಬೇಕೆಂದಾಗ ಬದಲಿಸಲೂಬಹುದಲ್ಲ ಎಂಬ ವಾದ ಇನ್ನೂ ಗಟ್ಟಿಯಾದದ್ದು. ಅದರಲ್ಲಿ ಸತ್ಯವಿದೆ. ಆದರೆ ಚಪ್ಪಟೆ ಪರದೆಯ ಚಿತ್ರಕ್ಕೆ ನಾವು ಎಲ್ಲಿದ್ದೇವೆಂಬ ಪರಿವೆಯಿಲ್ಲ. ಗಾಜಿನಾಚೆಯ ದೆವ್ವಕ್ಕೆ ಆಳವಿದೆ, ಬಂಡಿ ಚಲಿಸಿದಂತೆ ಅದು ಕುರ್ಚಿಯ ಎದುರು ಸರಿಯುತ್ತದೆ. ಹೊಸ ತಂತ್ರಜ್ಞಾನ ಬೇಡವೆಂದಲ್ಲ. ತಲೆ ಮಾಯವಾಗಿ ಕೈಯಲ್ಲಿನ ಟೋಪಿಪೆಟ್ಟಿಗೆಯಲ್ಲಿ ಮೂಡಬೇಕಿದ್ದ ದೆವ್ವವೊಂದನ್ನು 1969ರಲ್ಲಿ ತಂತ್ರ ಫಲಿಸದೆ ತೆಗೆದುಹಾಕಿದ್ದರು; 2015ರಲ್ಲಿ ಅದು ಹೊಸ ತಂತ್ರದ ನೆರವಿನಿಂದ ಮರಳಿತು, ಗೊಂಬೆಯ ರೂಪದಲ್ಲೇ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ಕನ್ನಡಿಗರು ಬಹಳ. ಈ ಬಂಗಲೆಗೆ ಹೋದರೆ ಮೊದಲ ಸುತ್ತಿನಲ್ಲಿ ದೆವ್ವಗಳನ್ನು ನೋಡಿ. ಎರಡನೆಯ ಸುತ್ತಿನಲ್ಲಿ ಕುಣಿಯುವ ಜೋಡಿಗಳಲ್ಲಿ ಯಾರು ಮುನ್ನಡೆಸುತ್ತಿದ್ದಾರೆಂದು ಗಮನಿಸಿ.