ತಾತನ ರೇಡಿಯೊ, ನಡುವೆ ಒಂದು ಬಲ್ಬು

ತಾತನ ವಾಲ್ವ್ ರೇಡಿಯೊ ಅಟ್ಟದಿಂದ ಇಳಿಸಿದೆ. ಒಳಗೆ ಲೈಸೆನ್ಸ್ ಪುಸ್ತಕವೂ ಇತ್ತು. ಹೂಂ, ಆಗ ರೇಡಿಯೊ ಕೇಳೋಕೂ ಅಂಚೆ ಕಚೇರಿಯಲ್ಲಿ ಫೀ ಕಟ್ಟಬೇಕಿತ್ತು! ಕೊಳ್ಳೇಗಾಲದಲ್ಲಿ ಹಳೇ ಸೆಟ್ ಇಟ್ಟುಕೊಂಡ ನಾಲ್ಕೈದು ಜನ ಸೇರಿದ್ದಾಗ ಹೊತ್ತುಕೊಂಡು ಹೋಗಿ ನೇರ ಪ್ಲಗ್‌ಗೆ ಹಾಕಹೊರಟೆ. ಹನೂರಿನ ಅಣ್ಣ ಕೈ ಹಿಡಿದ್ರು: “ತಡಿಯಪ್ಪಾ, ಮೊದ್ಲು ಬಲ್ಬು ಕಟ್ಟು.”

ಯಾಕೆ ಗೊತ್ತಾ? ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟಿನ ಕೆಪಾಸಿಟರ್ ಕೆಟ್ಟಿರಬಹುದು. ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ರೇ ಸುಟ್ಟೀತು. ಅದಕ್ಕೇ ನಡುವೆ 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಸೇರಿಸ್ತಾರೆ. ಎಲ್‌ಇಡಿ ನಡೆಯಲ್ಲ. ಒಳಗೆ ಶಾರ್ಟ್ ಇದ್ರೆ ಬಲ್ಬು ಪೂರ್ತಿ ಉರಿಯುತ್ತೆ, ಸೆಟ್ಟು ಬಚಾವ್.

ನಮ್ಮದು ಧಗ್ಗಂತ ಉರೀತು.

ಅಣ್ಣ ಕೆಪಾಸಿಟರ್ ಬದಲಿಸಿದ್ರು. ಆದ್ರೂ ದನಿ ಇಲ್ಲ, ಒಂದು ವಾಲ್ವ್ ಹೋಗಿತ್ತು. ಅಂಗಡಿಯಲ್ಲಿ ಈಗ ಅದೆಲ್ಲಿ ಸಿಗಬೇಕು? ಯಳಂದೂರಿನ ಮೇಷ್ಟ್ರು ತಮ್ಮ ಕೆಟ್ಟ ಸೆಟ್ಟಿಂದಲೇ ಕಳಚಿ ಕೊಟ್ಟು, ದುಡ್ಡು ಬೇಡ ಅಂದ್ರು. ಬಿ.ಕಾಂ. ಓದಿದ ನನಗೆ ಇದನ್ನ ಯಾವ ಲೆಕ್ಕಕ್ಕೆ ಬರೀಬೇಕೋ ತಿಳೀಲಿಲ್ಲ.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ಮನೆಯಿಂದಲೇ ಪ್ರಸಾರ ಶುರು ಮಾಡಿದ ಕಥೆಯನ್ನ ಮೇಷ್ಟ್ರು ಹೇಳ್ತಿದ್ದಂಗೇ ವಾಲ್ವ್ ಬಿಸಿಯಾಗಿ ಕೆಂಪಾಯ್ತು. ಮೊದಲು ಗೊರಗೊರ, ಆಮೇಲೆ ಮಾತು. ಅಜ್ಜಿಗೆ ಫೋನ್‌ನಲ್ಲೇ ಕೇಳಿಸಿದೆ.

ಈಗ ಮೇಷ್ಟ್ರ ಇನ್ನೊಂದು ಸೆಟ್ಟಿಗೆ ಡಯಲ್ ದಾರ ಬೇಕಂತೆ. ಭಾನುವಾರ ಯಳಂದೂರು ಬಸ್ ಹತ್ತಬೇಕು.